ಅಪರೂಪದ ಹಳೆಯ ಲೆನ್ಸ್: ಲೇತಿಗೆ ಏರಿಸುವ ಮೊದಲು

ಹಳೆಯ ಲೆನ್ಸೊಂದನ್ನು ಇಂದಿನ ಕ್ಯಾಮೆರಾಕ್ಕೆ ಹೊಂದುವಂತೆ ಬದಲಾಯಿಸಬೇಕೋ, ಇದ್ದ ಹಾಗೆಯೇ ಉಳಿಸಬೇಕೋ ಎಂಬ ಪ್ರಶ್ನೆ ಎಲ್ಲ ಊರಿನವರಿಗೂ ಇದ್ದದ್ದೇ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮಾತ್ರ ಅದಕ್ಕೊಂದು ವಿಶೇಷವಿದೆ. ಹಳೆಯ ಲೆನ್ಸ್ ಬಿಚ್ಚಿ, ಶುಚಿಗೊಳಿಸಿ, ಮೊದಲಿನಂತೆ ಕೂಡಿಸಬಲ್ಲ ನುರಿತ ಮೆಕ್ಯಾನಿಕ್‌ಗಳು ಈ ಭಾಗದಲ್ಲಿ ವಿರಳ. ಲೋಹವನ್ನು ತಿರುಗಿಸುತ್ತ ಕೊರೆಯುವ ಯಂತ್ರವಾದ ಲೇತ್ ಮಾತ್ರ ಕೂಗಳತೆಯಲ್ಲಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಮತ್ತು ಹೈಡ್ರಾಲಿಕ್ಸ್ ಕಾರ್ಖಾನೆಗಳ ನಡುವೆ ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಲೋಹ ಕೊರೆಯಬಲ್ಲ ಟರ್ನರ್‌ಗಳು ಸಾಲುಸಾಲಾಗಿ ಸಿಗುತ್ತಾರೆ. "ಐದ್ ಮಿನಿಟಿನ ಕೆಲಸ ಐತ್ರಿ ಸರ್, ಕೊಡ್ರಿ ಇಲ್ಲೆ" ಎಂದು ಅವರಲ್ಲೊಬ್ಬರು ಕೈ ಚಾಚಿದಾಗ ಲೆನ್ಸನ್ನು ಹಿಂದಕ್ಕೆ ಎಳೆದುಕೊಳ್ಳುವುದು ಕಷ್ಟ. ಅವರ ಕೈಚಳಕದಲ್ಲಿ ದೋಷವಿಲ್ಲ. ಆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಮುಗಿದಿರಬೇಕಾದ ಕೆಲವು ನಿರ್ಧಾರಗಳನ್ನು ನಾವು ಅಲ್ಲಿ ನಿಂತುಕೊಂಡು ಮಾಡಲು ಹೊರಡುತ್ತೇವೆ ಎಂಬುದೇ ತೊಡಕು.

ನನ್ನ ನಿಲುವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಏನನ್ನಾದರೂ ಕತ್ತರಿಸಲೇಬೇಕೆಂದಿದ್ದರೆ ಅಂಗಡಿಯಲ್ಲಿ ಮತ್ತೊಂದು ಸಿಗುವಂಥ ವಸ್ತುವನ್ನು ಕತ್ತರಿಸಬೇಕು. ಅದು ಲೆನ್ಸನ್ನು ಬೇರೆ ಕ್ಯಾಮೆರಾಕ್ಕೆ ಕೂಡಿಸುವ ಅಡಾಪ್ಟರ್ ಆಗಿರಬಹುದು, ಕ್ಯಾಮೆರಾದ ಬಾಯಿ ಮುಚ್ಚುವ ಬಾಡಿ ಕ್ಯಾಪ್ ಆಗಿರಬಹುದು, ಹಳೆಯ ಡಿಜಿಟಲ್ ಬಾಡಿಯೇ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಆಗಿರಬಹುದು. ಲೆನ್ಸಿನ ಸರದಿ ಎಲ್ಲಕ್ಕಿಂತ ಕೊನೆಗೆ. ಹಾಗೆಂದು ಹಳೆಯದೆಲ್ಲವೂ ಅಪರೂಪದ್ದಲ್ಲ, ಹಳೆಯದನ್ನು ಮುಟ್ಟಲೇಬಾರದು ಎಂಬ ಹಠವೂ ಸಲ್ಲದು. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಕೈಯಲ್ಲಿರುವುದು ಏನೆಂದು ತಿಳಿಯುವುದು.

ಮೊದಲ ಹಂತ: ಲೆನ್ಸಿನ ಮೇಲಿರುವುದನ್ನು ಓದಿ

ಮುಂಭಾಗದ ಗಾಜನ್ನು ಸುತ್ತುವರಿದ ಉಂಗುರದ ಮೇಲೆ ತಯಾರಕರ ಹೆಸರು, ಲೆನ್ಸಿನ ಹೆಸರು, ಫೋಕಲ್ ಲೆಂಗ್ತ್ (ಲೆನ್ಸ್ ದೃಶ್ಯವನ್ನು ಎಷ್ಟು ಹತ್ತಿರಕ್ಕೆ ತರುತ್ತದೆಂಬ ಅಳತೆ), ಗರಿಷ್ಠ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಮತ್ತು ಕ್ರಮಸಂಖ್ಯೆ ಕೆತ್ತಿರುತ್ತವೆ. ಇವನ್ನೆಲ್ಲ ಅಕ್ಷರ ಬಿಡದೆ, ಕೆತ್ತಿದ ರೀತಿಯಲ್ಲಿಯೇ ಕಾಗದಕ್ಕೆ ಇಳಿಸಿಕೊಳ್ಳಿ. ಫೋಕಲ್ ಲೆಂಗ್ತ್ ಮಿಲಿಮೀಟರಿನಲ್ಲಿದೆಯೋ, ಸೆಂಟಿಮೀಟರಿನಲ್ಲಿದೆಯೋ, ಇಂಚಿನಲ್ಲಿದೆಯೋ ಎಂಬುದು ಸಹ ಒಂದು ಸುಳಿವು. ಸೆಂಟಿಮೀಟರಿನ ಗುರುತಿರುವ ಜರ್ಮನ್ ಮತ್ತು ಜಪಾನಿ ಲೆನ್ಸ್‌ಗಳು ಸಾಮಾನ್ಯವಾಗಿ ಹಿಂದಿನ ತಲೆಮಾರಿನವು. ಜೈಸ್ ಲೆನ್ಸುಗಳ ಮೇಲೆ ಕೆಂಪು ಬಣ್ಣದ 'ಟಿ' ಅಕ್ಷರವಿದ್ದರೆ ಅದು ಕೋಟಿಂಗ್ ಇರುವುದರ ಗುರುತು. ಪ್ರತಿಫಲನ ತಡೆಯುವ ಈ ಕೋಟಿಂಗ್‌ಗೆ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಅವರ ಕೆಲಸದ ಮೇಲೆ ಪೇಟೆಂಟ್ ಕೋರಿದ್ದು 1935ರಲ್ಲಿ. ಅದಕ್ಕೂ ಹಿಂದಿನ ಲೆನ್ಸುಗಳ ಗಾಜು ಬರಿಗಾಜು. ಗಾಜಿನಲ್ಲಿ ನೀಲಿ ಅಥವಾ ನೇರಳೆ ಹೊಳಪು ಕಾಣದಿದ್ದರೆ "ಕೋಟಿಂಗ್ ಹೋಗಿದೆ" ಎಂದು ಅವಸರದಿಂದ ತೀರ್ಮಾನಿಸಬಾರದು. ಮೊದಲಿನಿಂದ ಇಲ್ಲದ ಕೋಟಿಂಗನ್ನು ಈಗ ಹಾಕಿಸಲು ಹೊರಡುವುದು ವ್ಯರ್ಥ ಖರ್ಚು.

ಅಪರೂಪ ಎಂಬುದನ್ನು ವಯಸ್ಸಿನಿಂದ ಅಳೆಯಲಾಗದು. ಸೋವಿಯತ್ ಝೆನಿತ್ ಕ್ಯಾಮೆರಾಗಳೊಂದಿಗೆ ಬರುತ್ತಿದ್ದ ಹೆಲಿಯೋಸ್ 44-2 ಲೆನ್ಸ್ ಹಳೆಯದು, ಚಿತ್ರವೂ ಚೆಂದ, ಆದರೆ ಹೆಲಿಯೋಸ್ 44 ಸರಣಿಯ ಲೆನ್ಸುಗಳು ತಯಾರಾದದ್ದು ಲಕ್ಷಗಳ ಲೆಕ್ಕದಲ್ಲಿ. ಅದೇ ಕುಟುಂಬದ ಆರಂಭದ ಪ್ರತಿಗಳು, ಅಂದರೆ ಬೆಳ್ಳಿಬಣ್ಣದ ಮೈ, ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸುವ 39 ಮಿಲಿಮೀಟರ್ ಥ್ರೆಡ್, ಕಿಂಡಿಯನ್ನು ಕಿರಿದು ಮಾಡುವ 13 ಬ್ಲೇಡುಗಳ ಅಪರ್ಚರ್ ಇರುವವು, ಅಷ್ಟು ಸುಲಭಕ್ಕೆ ಸಿಗುವುದಿಲ್ಲ. 44-2ರಲ್ಲಿ ಇರುವುದು ಎಂಟೇ ಬ್ಲೇಡು. ಪೆಂಟಾಕ್ಸ್‌ನ ಸೂಪರ್ ಟಕುಮಾರ್ 50 ಎಂ.ಎಂ. ಎಫ್/1.4 ಲೆನ್ಸಿನದೂ ಇದೇ ಕಥೆ. ಮೊದಲು ಬಂದ ಎಂಟು ಗಾಜಿನ ರೂಪ ಕಡಿಮೆ ಸಂಖ್ಯೆಯದು, ಆಮೇಲೆ ಬಂದ ಏಳು ಗಾಜಿನದು ಎಲ್ಲೆಂದರಲ್ಲಿ ಇದೆ. ಹೊರಗಿನಿಂದ ಎರಡೂ ಅವಳಿಗಳಂತೆ ಕಾಣುತ್ತವೆ. ಹಾಗಾಗಿ ಹೆಸರು ಗೊತ್ತಾದ ಕೂಡಲೇ ಗುರುತಿಸುವ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಬ್ಲೇಡುಗಳನ್ನು ಎಣಿಸಿ, ಥ್ರೆಡ್ ಅಳೆಯಿರಿ, ಹಿಂಭಾಗದ ಗಾಜು ಎಷ್ಟು ಹೊರಚಾಚಿದೆ ನೋಡಿ. ಬೆಲೆಯನ್ನು ತಿಳಿಯಬೇಕಾದರೆ ಮಾರುವವರು ಕೇಳುತ್ತಿರುವ ದರವನ್ನು ನಂಬದೆ, ನಿಜಕ್ಕೂ ಮಾರಾಟವಾಗಿ ಮುಗಿದ ದರಗಳನ್ನು ನೋಡಬೇಕು.

ಬಾಗಲಕೋಟೆಯ ಕಡೆಯವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಮುಳುಗಡೆಯಾಗಿ ನವನಗರಕ್ಕೆ ಮನೆ, ಅಂಗಡಿಗಳು ಸಾಗಿದಂಥ ಸಂದರ್ಭಗಳಲ್ಲಿ ಸ್ಟುಡಿಯೋ ಸಾಮಾನುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಲೆನ್ಸ್ ಒಂದು ಟ್ರಂಕಿಗೆ, ಮರದ ಕ್ಯಾಮೆರಾ ಇನ್ನೊಬ್ಬರ ಅಟ್ಟಕ್ಕೆ, ಲೆನ್ಸನ್ನು ಕ್ಯಾಮೆರಾಕ್ಕೆ ಹಿಡಿದಿಡುವ ಹಿತ್ತಾಳೆಯ ಫ್ಲ್ಯಾಂಜ್ ಗುಜರಿಗೆ. ಲೆನ್ಸ್ ಒಂಟಿಯಾಗಿ ಸಿಕ್ಕರೆ ಅದರ ಜೊತೆಗಾರರನ್ನು ಮನೆಯ ಹಿರಿಯರಲ್ಲಿ ವಿಚಾರಿಸಿ. ಮೂಲ ಫ್ಲ್ಯಾಂಜ್ ಸಿಕ್ಕಿಬಿಟ್ಟರೆ ಬದಲಾಯಿಸಬೇಕೆಂಬ ಪ್ರಶ್ನೆಯ ಅರ್ಧ ಭಾಗ ಅಲ್ಲಿಗೇ ಇಲ್ಲವಾಗುತ್ತದೆ.

ಎರಡನೆಯ ಹಂತ: ಟಾರ್ಚ್ ಹಿಡಿದು ನೋಡಿ

ಅಪರ್ಚರ್ ಪೂರ್ತಿ ತೆರೆದು, ಕತ್ತಲೆ ಕೋಣೆಯಲ್ಲಿ, ಹಿಂಬದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಬೇಕು. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಫಂಗಸ್. ಇಡೀ ಗಾಜಿನ ಮೇಲೆ ತೆಳುವಾದ ಮಂಜು ಕವಿದಂತಿದ್ದರೆ ಅದು ಗ್ರೀಸಿನ ಆವಿ ಕೂತು ಆದ ಮಬ್ಬು, ಹೆಚ್ಚಿನಂಶ ಒರೆಸಿದರೆ ಹೋಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಅಥವಾ ಒಣಗಿದ ಎಣ್ಣೆಯಂಥ ಕಲೆ ಕಂಡರೆ, ಎರಡು ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಡುತ್ತಿದೆ ಎಂದರ್ಥ.

ನಮ್ಮ ಮೂರು ಜಿಲ್ಲೆಗಳ ಹವೆ ಒಂದೇ ರೀತಿಯದಲ್ಲ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಬೆಳಗಾವಿ ಸಹ್ಯಾದ್ರಿಯ ಸೆರಗಿನಲ್ಲಿದೆ. ಖಾನಾಪುರ, ಜಾಂಬೋಟಿ ಕಡೆಯಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗುವುದಿಲ್ಲ. ಅಲ್ಲಿ ಬಾಳಿದ ಲೆನ್ಸಿನಲ್ಲಿ ಮೊದಲು ಹುಡುಕಬೇಕಾದದ್ದು ಫಂಗಸ್. ವಿಜಯಪುರದಲ್ಲಿ ಫಂಗಸ್ ಕಡಿಮೆ, ಆದರೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಧೂಳೂ ಸಾಕಷ್ಟಿದೆ. ಆ ಬಿಸಿಗೆ ಫೋಕಸ್ ರಿಂಗ್ ಒಳಗಿನ ಗ್ರೀಸ್ ತೆಳುವಾಗಿ, ಅದರ ಎಣ್ಣೆ ಹರಿದು ಅಪರ್ಚರ್ ಬ್ಲೇಡುಗಳನ್ನು ಅಂಟಿಸುತ್ತದೆ, ಬಾಲ್ಸಮ್ ಮೆತ್ತಗಾಗುತ್ತದೆ. ಇವೆಲ್ಲ ರಿಪೇರಿಯ ವಿಷಯಗಳೇ ಹೊರತು ಬದಲಾವಣೆಗೆ ಕಾರಣಗಳಲ್ಲ. ಫೋಕಸ್ ರಿಂಗ್ ಬಿಗಿಯಾಗಿದೆ ಎಂಬ ಕಾರಣಕ್ಕೆ ಲೆನ್ಸಿನ ಹಳೆಯ ಮೈಯನ್ನು ಬಿಸಾಡಿ, ಗಾಜುಗಳನ್ನು ಮಾತ್ರ ತೆಗೆದು ಹೊಸ ಕೊಳವೆಗೆ ಹಾಕಿಸುವವರಿದ್ದಾರೆ. ಹಳೆಯ ಗ್ರೀಸ್ ತೆಗೆದು ಹೊಸ ಗ್ರೀಸ್ ಹಾಕಿದ್ದರೆ ಮುಗಿಯುತ್ತಿತ್ತು.

ಗಾಜು ಚಹಾದ ಬಣ್ಣಕ್ಕೆ ತಿರುಗಿದ್ದರೆ ಇನ್ನೂ ಎಚ್ಚರ ಬೇಕು. ಏಳು ಗಾಜಿನ ಸೂಪರ್ ಟಕುಮಾರ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದಿಂದ ಚಿತ್ರ ತೆಗೆಯಲು ಮಾಡಿದ ಕೊಡಾಕ್ ಏರೋ ಎಕ್ಟಾರ್ ಮೊದಲಾದವುಗಳಲ್ಲಿ ಥೋರಿಯಂ ಬೆರೆಸಿದ ಗಾಜಿದೆ. ಅದು ವಿಕಿರಣ ಹೊಮ್ಮಿಸುವ ಧಾತು. ಕಾಲ ಕಳೆದಂತೆ ಗಾಜನ್ನು ಹಳದಿಗೆ ತಿರುಗಿಸುತ್ತದೆ. ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆಯುವವರು ಇದಕ್ಕೆ ಗಾಬರಿಪಡಬೇಕಾಗಿಲ್ಲ, ಆದರೆ ಅಂಥ ಗಾಜನ್ನು ಯಾವ ಕಾರಣಕ್ಕೂ ಉಜ್ಜಿಸಬಾರದು, ಅರೆಸಬಾರದು, ಏಕೆಂದರೆ ಅದರ ಪುಡಿ ಉಸಿರಿನೊಳಗೆ ಹೋಗಕೂಡದು. ಹಳದಿಯನ್ನು ತಗ್ಗಿಸಲು ಅಲ್ಟ್ರಾವಯಲೆಟ್ ದೀಪದ ಕೆಳಗೆ ಕೆಲವು ದಿನ ಇಡುವುದೇ ದಾರಿ. ಲೆನ್ಸಿನ ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಸಿದರೆ ಬೆಳಕು ಮರಳಿ ಗಾಜಿಗೆ ಹೋಗುತ್ತದೆ. ವಿಜಯಪುರದ ಬಿಸಿಲು ಪುಕ್ಕಟೆ ಸಿಗುತ್ತದೆಂದು ಮಾಳಿಗೆಯ ಮೇಲೆ ಇಡಬೇಡಿ. ಗ್ರೀಸ್ ಕರಗುವುದು ಒಂದೆಡೆಯಾದರೆ, ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸುವ ಗಾಜು ಹತ್ತಿರದ ಬಟ್ಟೆಗೋ ಕಾಗದಕ್ಕೋ ಬೆಂಕಿ ಹಚ್ಚಬಲ್ಲದು.

ಮೂರನೆಯ ಹಂತ: ಕಳೆಯುವ ಲೆಕ್ಕ

ಬದಲಾಯಿಸಬೇಕೆನ್ನುವ ಬಹುತೇಕ ಪ್ರಕರಣಗಳಲ್ಲಿ ಕಾರಣ ಒಂದೇ: ಲೆನ್ಸ್ ಈಗಿನ ಬಾಡಿಗೆ ಕೂರುವುದಿಲ್ಲ. ಕೂರುತ್ತದೋ ಇಲ್ಲವೋ ಎಂಬುದನ್ನು ಊಹಿಸಬೇಕಾಗಿಲ್ಲ, ಒಂದು ಕಳೆಯುವ ಲೆಕ್ಕ ಸಾಕು. ಪ್ರತಿಯೊಂದು ಮೌಂಟಿಗೂ, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಜೋಡಣೆಗೂ, ಲೆನ್ಸ್ ಕೂರುವ ಮೈಯಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ನಿಗದಿತ ದೂರವಿರುತ್ತದೆ. ಎಂ42 ಸ್ಕ್ರೂ ಮೌಂಟಿಗೆ ಅದು 45.46 ಮಿಲಿಮೀಟರ್, ನಿಕಾನ್ ಎಫ್‌ಗೆ 46.5, ಕ್ಯಾನನ್ ಇಎಫ್‌ಗೆ 44, ಹಳೆಯ ಕ್ಯಾನನ್ ಎಫ್‌ಡಿಗೆ 42, ಲೈಕಾದ 39 ಮಿಲಿಮೀಟರ್ ಸ್ಕ್ರೂಗೆ 28.8. ಒಳಗೆ ಕನ್ನಡಿಯಿಲ್ಲದ ಇಂದಿನ ಮಿರರ್‌ಲೆಸ್ ಬಾಡಿಗಳಲ್ಲಿ ಈ ದೂರ ಬಹಳ ಕಡಿಮೆ. ಸೋನಿ ಇ ಮೌಂಟಿಗೆ 18, ಕ್ಯಾನನ್ ಆರ್‌ಎಫ್‌ಗೆ 20, ನಿಕಾನ್ ಝಡ್‌ಗೆ 16.

ಲೆನ್ಸಿನ ದೂರದಿಂದ ಬಾಡಿಯ ದೂರವನ್ನು ಕಳೆದರೆ ಬರುವುದೇ ಅಡಾಪ್ಟರಿನ ದಪ್ಪ. ಎಂ42 ಲೆನ್ಸನ್ನು ಸೋನಿ ಬಾಡಿಗೆ ಹಾಕಲು 45.46ರಲ್ಲಿ 18 ಕಳೆದು 27.46 ಮಿಲಿಮೀಟರಿನ ಪೊಳ್ಳು ಕೊಳವೆ ಬೇಕು. ಇಂಥ ಅಡಾಪ್ಟರ್ ಸಿದ್ಧವಾಗಿಯೇ ಸಿಗುತ್ತದೆ, ಲೆನ್ಸಿನ ಮೈಗೆ ಒಂದು ಗೀರೂ ಬೀಳುವುದಿಲ್ಲ. ಇಎಫ್ ಮೌಂಟಿನ ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಇದ್ದವರಿಗೆ 1.46 ಮಿಲಿಮೀಟರ್ ಉಳಿಯುತ್ತದೆ, ಅಷ್ಟರಲ್ಲಿ ತೆಳ್ಳನೆಯ ಉಂಗುರ ಹಿಡಿಸುತ್ತದೆ. ಎಫ್ ಮೌಂಟಿನ ನಿಕಾನ್ ಡಿಎಸ್‌ಎಲ್‌ಆರ್ ಇದ್ದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಂದರೆ ಲೆನ್ಸ್ ಬಾಡಿಯ ಒಳಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಇಳಿದು ಕೂರಬೇಕು. ಇಲ್ಲವಾದರೆ ದೂರದ ದೃಶ್ಯ ಎಂದಿಗೂ ಸ್ಪಷ್ಟವಾಗದು. ಈ ಒಂದು ಮಿಲಿಮೀಟರಿಗಾಗಿಯೇ ಎಷ್ಟೋ ಒಳ್ಳೆಯ ಲೆನ್ಸುಗಳ ಹಿಂಭಾಗವನ್ನು ಲೇತಿಗೆ ಕೊಡಲಾಗಿದೆ. ಬಳಸಿದ ಮಿರರ್‌ಲೆಸ್ ಬಾಡಿಯೊಂದನ್ನು ಕೊಳ್ಳುವುದು ಆ ಕೆಲಸಕ್ಕಿಂತ ಎಷ್ಟೋ ಲೇಸು, ಮತ್ತು ಮನೆಯಲ್ಲಿರುವ ಉಳಿದ ಹಳೆಯ ಲೆನ್ಸುಗಳಿಗೂ ಅದೇ ಬಾಡಿ ಒದಗುತ್ತದೆ.

ಅಡಾಪ್ಟರಿನ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸ ಏನು ಮಾಡುತ್ತದೆ ಎಂಬುದನ್ನು ಗೋಲಗುಮ್ಮಟದ ಎದುರು ನಿಂತು ನೋಡಬಹುದು. 50 ಎಂ.ಎಂ. ಲೆನ್ಸಿನ ಅಡಾಪ್ಟರ್ 0.1 ಮಿಲಿಮೀಟರ್ ದಪ್ಪವಾಗಿದೆ ಎಂದುಕೊಳ್ಳೋಣ. 50ರ ವರ್ಗವಾದ 2500ನ್ನು 0.1ರಿಂದ ಭಾಗಿಸಿದರೆ 25,000 ಮಿಲಿಮೀಟರ್, ಅಂದರೆ 25 ಮೀಟರ್. ರಿಂಗನ್ನು ಇನ್ಫಿನಿಟಿಯವರೆಗೆ, ಅಂದರೆ ಅತಿ ದೂರದ ಗುರುತಿನವರೆಗೆ, ತಿರುಗಿಸಿದರೂ ಫೋಕಸ್ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಮುಂಭಾಗದ ನಗಾರಖಾನೆಯ ವಸ್ತುಸಂಗ್ರಹಾಲಯದ ಬಳಿ ನಿಂತು ಅಪರ್ಚರ್ ಪೂರ್ತಿ ತೆರೆದು ತೆಗೆದ ಚಿತ್ರದಲ್ಲಿ ಗುಮ್ಮಟ ಮಸುಕಾಗಿಯೇ ಇರುತ್ತದೆ. ಅಡಾಪ್ಟರ್ ಅಷ್ಟೇ ತೆಳುವಾಗಿದ್ದರೆ ರಿಂಗ್ ಇನ್ಫಿನಿಟಿಯನ್ನು ದಾಟಿ ಸ್ವಲ್ಪ ಮುಂದೆ ಹೋಗುತ್ತದೆ, ಅಂಕಿಗಳ ಗುರುತು ತಪ್ಪುತ್ತದೆ, ಬೇರೆ ನಷ್ಟವಿಲ್ಲ. ಆದ್ದರಿಂದಲೇ ಅಡಾಪ್ಟರ್ ಮಾಡುವವರು ಬೇಕೆಂದೇ ತುಸು ತೆಳುವಾಗಿ ಮಾಡುತ್ತಾರೆ. ದೂರದ ದೃಶ್ಯ ಮಸುಕಾಗಿದ್ದರೆ ಮೊದಲು ಅಡಾಪ್ಟರನ್ನು ವರ್ನಿಯರಿನಿಂದ ಅಳೆಯಿರಿ. "ಲೆನ್ಸ್ ಕೆಟ್ಟಿದೆ" ಎನ್ನುವ ತೀರ್ಮಾನ ಆಮೇಲೆ ಇರಲಿ.

ಬಾಡಿಯನ್ನು ಕತ್ತರಿಸಿ ಲೆನ್ಸನ್ನು ಉಳಿಸಿದ್ದಕ್ಕೆ ದೊಡ್ಡ ಉದಾಹರಣೆಯೇ ಇದೆ. ಜೈಸ್ ಸಂಸ್ಥೆ ನಾಸಾದ ಚಂದ್ರಯಾನದ ಕೆಲಸಕ್ಕಾಗಿ ರೂಪಿಸಿದ 50 ಎಂ.ಎಂ. ಎಫ್/0.7 ಪ್ಲಾನಾರ್ ಲೆನ್ಸುಗಳು ಒಟ್ಟು ಹತ್ತು. ಆರು ನಾಸಾಕ್ಕೆ ಹೋದವು, ಒಂದು ಜೈಸ್ ಬಳಿ ಉಳಿಯಿತು, ಮೂರನ್ನು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಕೊಂಡರು. ಮೇಣದಬತ್ತಿಯ ಬೆಳಕಿನಲ್ಲಿ ಚಿತ್ರೀಕರಿಸಲು ಅವು ಫಿಲ್ಮಿಗೆ ತೀರ ಹತ್ತಿರ ಕೂರಬೇಕಿತ್ತು. ಅದಕ್ಕಾಗಿ ಮಿಚೆಲ್ ಬಿಎನ್‌ಸಿ ಕ್ಯಾಮೆರಾದ ಒಳಭಾಗವನ್ನೇ ಕೊರೆಸಲಾಯಿತು, ಆ ಕ್ಯಾಮೆರಾ ಮತ್ತೆ ಬೇರೆ ಲೆನ್ಸುಗಳಿಗೆ ಬಾರದಂತಾದರೂ ಅಡ್ಡಿಯಿಲ್ಲ ಎಂದುಕೊಂಡು.

ನಾಲ್ಕನೆಯ ಹಂತ: ಮರಳಿ ಬರುವ ದಾರಿ ಇದೆಯೇ

ಲೆಕ್ಕ ಮುಗಿದ ಮೇಲೂ ಏನಾದರೂ ಮಾಡಲೇಬೇಕೆನಿಸಿದರೆ, ಆ ಕೆಲಸವನ್ನು ಹತ್ತು ವರ್ಷದ ನಂತರ ಇನ್ನೊಬ್ಬರು ಬಿಚ್ಚಿ ಮೊದಲಿನಂತೆ ಮಾಡಬಲ್ಲರೇ ಎಂದು ಕೇಳಿಕೊಳ್ಳಬೇಕು. ಉತ್ತರ ಹೌದು ಎಂದಾದರೆ ಅಪರೂಪದ ಲೆನ್ಸಿಗೂ ಆ ಕೆಲಸ ಸಲ್ಲುತ್ತದೆ.

ಲಗ್ನದ ವಿಡಿಯೋ ಮತ್ತು ಕಿರುಚಿತ್ರ ಮಾಡುವವರು ಹೆಚ್ಚಾಗಿ ಕೇಳುವುದು ಅಪರ್ಚರ್ ರಿಂಗಿನ 'ಟಿಕ್ ಟಿಕ್' ತೆಗೆಸುವ ಬಗ್ಗೆ. ಬಹುತೇಕ ಲೆನ್ಸುಗಳಲ್ಲಿ ರಿಂಗಿನ ಕೆಳಗೆ ಸಾಸಿವೆ ಕಾಳಿನ ಗಾತ್ರದ ಉಕ್ಕಿನ ಗುಂಡು ಸ್ಪ್ರಿಂಗ್ ಒಂದರ ಒತ್ತಡಕ್ಕೆ ತಗ್ಗುಗಳಲ್ಲಿ ಕೂರುತ್ತ ಈ ಶಬ್ದ ಮಾಡುತ್ತದೆ. ಗುಂಡು ಮತ್ತು ಸ್ಪ್ರಿಂಗ್ ತೆಗೆದರೆ ರಿಂಗ್ ನಯವಾಗಿ ತಿರುಗುತ್ತದೆ, ಮರಳಿ ಹಾಕಿದರೆ ಟಿಕ್ ಮರಳುತ್ತದೆ. ಆ ಗುಂಡನ್ನು ಜಿಪ್ ಇರುವ ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಲೆನ್ಸಿನ ಕ್ರಮಸಂಖ್ಯೆ ಬರೆದು ಇಡುವುದು ಈ ಕೆಲಸದ ಭಾಗವೇ ಆಗಿದೆ. ತಗ್ಗುಗಳನ್ನು ಎಂ-ಸೀಲಿನಿಂದ ಮುಚ್ಚುವುದೂ, ಗುಂಡು ಕೂರುವ ತೂತನ್ನು ದೊಡ್ಡದು ಮಾಡುವುದೂ ಬೇಡ. ಅಂದಹಾಗೆ ಹೆಲಿಯೋಸ್ 44-2ರಲ್ಲಿ ಈ ಉಸಾಬರಿಯೇ ಬೇಡ. ಅದರ ಎರಡು ರಿಂಗುಗಳಲ್ಲಿ ಒಂದು ಟಿಕ್ ಇಲ್ಲದೆ ತಿರುಗುವಂಥದ್ದೇ ಆಗಿದೆ. ಗಾಲಿ ತಿರುಗಿಸಿ ಫೋಕಸ್ ಬದಲಾಯಿಸುವ ಫಾಲೋ ಫೋಕಸ್ ಸಾಧನಕ್ಕೆ ಹಲ್ಲುಗಳು ಬೇಕಿದ್ದರೆ ಸ್ಕ್ರೂನಿಂದ ಬಿಗಿಯುವ ಹಲ್ಲಿನ ಪಟ್ಟಿ ಸಿಗುತ್ತದೆ, ಫೆವಿಕ್ವಿಕ್ ಹಚ್ಚಬಾರದು.

ಅನೇಕ ಎಂ42 ಲೆನ್ಸುಗಳ ಹಿಂಬದಿಯಲ್ಲಿ ಅಪರ್ಚರ್ ಮುಚ್ಚಲು ಒತ್ತಬೇಕಾದ ಒಂದು ಪಿನ್ ಇರುತ್ತದೆ. ಹೊಸ ಬಾಡಿಯಲ್ಲಿ ಅದನ್ನು ಒತ್ತುವವರು ಯಾರೂ ಇಲ್ಲದ್ದರಿಂದ ಅಪರ್ಚರ್ ಸದಾ ತೆರೆದೇ ಇರುತ್ತದೆ, ಅದಕ್ಕೆ ಪಿನ್ನನ್ನು ಅಂಟು ಹಾಕಿ ಕೂರಿಸಿಬಿಡುವ ರೂಢಿ ಬೆಳೆದಿದೆ. ಒಳಗೆ ಅಂಚುಪಟ್ಟಿಯಿದ್ದು ಪಿನ್ನನ್ನು ತಾನೇ ಒತ್ತಿಹಿಡಿಯುವ ಅಡಾಪ್ಟರ್‌ಗಳು ಮಾರುಕಟ್ಟೆಯಲ್ಲಿವೆ. ಕೊಳ್ಳುವಾಗ ಅದನ್ನು ಕೇಳಿ ಕೊಳ್ಳಬೇಕು, ಅಷ್ಟೇ.

ನಿಕಾನ್‌ನವರ ತೊಡಕು ಬೇರೆ ತೆರನಾದದ್ದು. 1977ರಲ್ಲಿ ಎಐ ಪದ್ಧತಿ (ಲೆನ್ಸಿನ ಅಪರ್ಚರ್ ಎಷ್ಟೆಂದು ಬಾಡಿಗೆ ತಾನೇ ತಿಳಿಯುವ ವ್ಯವಸ್ಥೆ) ಬರುವ ಮೊದಲಿನ ಲೆನ್ಸುಗಳನ್ನು ಆಮೇಲಿನ ಹಲವು ಬಾಡಿಗಳಿಗೆ ಹಾಕಿದರೆ ಬಾಡಿಯ ಮೌಂಟಿನ ಸುತ್ತಲಿನ ಸಣ್ಣ ಕೊಂಡಿ ಮುರಿಯಬಹುದು. ಪರಿಹಾರವೆಂದು ಅಪರ್ಚರ್ ರಿಂಗಿನ ಅಂಚನ್ನು ಅರದಿಂದ ಉಜ್ಜಿ ತಗ್ಗಿಸುವುದು ಲೋಕದಾದ್ಯಂತ ನಡೆದಿದೆ. ಸಾಧಾರಣ 50 ಎಂ.ಎಂ. ಲೆನ್ಸಿಗೆ ಹೀಗೆ ಮಾಡಿದರೆ ನಾನು ಆಕ್ಷೇಪಿಸುವುದಿಲ್ಲ. ಆದರೆ ಕಡಿಮೆ ಸಂಖ್ಯೆಯಲ್ಲಿ ತಯಾರಾದ ಲೆನ್ಸಾದರೆ ಅರ ಎತ್ತುವ ಮೊದಲು ಎರಡು ದಾರಿ ನೋಡಬೇಕು: ನಿಕಾನ್ ಸಂಸ್ಥೆಯೇ ಹಿಂದೆ ತಯಾರಿಸಿದ ಬದಲಿ ರಿಂಗ್ ಎಲ್ಲಾದರೂ ಸಿಗಬಹುದು, ಹಾಕಿದರೆ ಮೂಲ ರಿಂಗ್ ಹಾಗೆಯೇ ಉಳಿಯುತ್ತದೆ; ಇಲ್ಲವೆ ಆ ಕೊಂಡಿಯೇ ಇಲ್ಲದ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ, ಅಥವಾ ಕೊಂಡಿಯನ್ನು ಮೇಲೆತ್ತಬಹುದಾದ 2013ರ ಡಿಎಫ್ ಬಾಡಿಯಲ್ಲಿ ಅದನ್ನು ಬಳಸಬಹುದು. ಅಗ್ಗದ ಬಾಡಿಗಳಲ್ಲಿ ಮೀಟರ್ ಕೆಲಸ ಮಾಡುವುದಿಲ್ಲ, ಎಕ್ಸ್‌ಪೋಷರ್ ಕೈಯಿಂದ ಹೊಂದಿಸಿಕೊಳ್ಳಬೇಕು.

ಮರಳಿ ಬಾರದ ಕೆಲಸಗಳೆಂದರೆ ಕೊರೆಯುವುದು, ತೂತು ಹಾಕುವುದು, ಹೊಸ ಥ್ರೆಡ್ ಎಳೆಯುವುದು, ಗಾಜು ಪಾಲಿಶ್ ಮಾಡಿಸುವುದು, ಮೈಗೆ ಹೊಸ ಬಣ್ಣ ಬಳಿಯುವುದು. ಇವುಗಳಲ್ಲಿ ಕೊನೆಯದನ್ನು ಜನ ಲಘುವಾಗಿ ಎಣಿಸುತ್ತಾರೆ. ಬಣ್ಣ ಬಳಿದ ಲೆನ್ಸನ್ನು ಕೊಳ್ಳುವವನು ಆ ಬಣ್ಣದ ಕೆಳಗೆ ಇನ್ನೇನು ಮುಚ್ಚಿಟ್ಟಿದ್ದಾರೋ ಎಂದೇ ನೋಡುತ್ತಾನೆ.

ಹಿತ್ತಾಳೆಯ ಲೆನ್ಸಿದ್ದರೆ

ಹಳೆಯ ಸ್ಟುಡಿಯೋಗಳಿಂದ ಬರುವ ಹಿತ್ತಾಳೆಯ ಪೋರ್ಟ್ರೇಟ್ ಲೆನ್ಸುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಹಾನಿ ಹೆಚ್ಚಾಗಿ ಆಗುವುದು ಇಲ್ಲಿಯೇ, ಅದೂ ಪ್ರೀತಿಯಿಂದ. ಹಿತ್ತಾಳೆ ಎಂದ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು ಹುಣಸೆಹಣ್ಣು ಇಲ್ಲವೆ ಪೀತಾಂಬರಿ ಪುಡಿ ತೆಗೆದುಕೊಂಡು ತಿಕ್ಕಲು ಕೂರುತ್ತಾರೆ. ಆ ಲೆನ್ಸುಗಳ ಮೈಗೆ ತಯಾರಕರು ತೆಳ್ಳಗೆ ಅರಗಿನ ವಾರ್ನಿಶ್ ಕೊಟ್ಟಿರುತ್ತಾರೆ. ಜೇನಿನ ಬಣ್ಣದ ಆ ಹೊಳಪು ಒಮ್ಮೆ ಹೋದರೆ ಹೋಯಿತು, ಕೆತ್ತಿದ ಅಕ್ಷರಗಳಲ್ಲಿ ತುಂಬಿದ ಕಪ್ಪು ಸಹ ತೊಳೆದುಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ ಬಿಡಿ, ಮಾಸಿದ್ದು ಮಾಸಿದಂತೆಯೇ ಇರಲಿ.

ಕೊಳವೆಯ ಮೇಲ್ಭಾಗದಲ್ಲಿ ಅಡ್ಡಕ್ಕೊಂದು ಸೀಳು ಕಂಡರೆ ಅದು ಯಾರೋ ಮಾಡಿದ ಗಾಯವಲ್ಲ. 1858ರಲ್ಲಿ ಜಾನ್ ವಾಟರ್‌ಹೌಸ್ ಸೂಚಿಸಿದ ಪದ್ಧತಿಯಂತೆ, ನಡುವೆ ತೂತಿರುವ ತಗಡಿನ ಬಿಲ್ಲೆಗಳನ್ನು ಅದರಲ್ಲಿ ಇಳಿಸಿ ಅಪರ್ಚರ್ ಬದಲಾಯಿಸುತ್ತಿದ್ದರು. ಧೂಳು ಹೋಗುತ್ತದೆಂದು ಅದನ್ನು ಬೆಸುಗೆ ಹಾಕಿ ಮುಚ್ಚಿಸಬೇಡಿ. ಬಿಲ್ಲೆಗಳು ಕಳೆದಿದ್ದರೆ ಕಪ್ಪು ರಟ್ಟಿನಲ್ಲಿ ಹೊಸವನ್ನು ಕತ್ತರಿಸಿಕೊಳ್ಳಬಹುದು: ಫೋಕಲ್ ಲೆಂಗ್ತ್ 160 ಮಿಲಿಮೀಟರ್ ಇದ್ದರೆ ಸುಮಾರು 20 ಮಿಲಿಮೀಟರಿನ ತೂತು ಎಫ್/8ಕ್ಕೆ ಹತ್ತಿರವಾಗುತ್ತದೆ. ಲೆನ್ಸಿಗೆ ಏನೂ ಮಾಡದೆ ಅದನ್ನು ಬಳಕೆಗೆ ತರುವ ಇಂಥ ಬದಲಾವಣೆಗಳು ನನಗೆ ಅತ್ಯಂತ ಇಷ್ಟ.

ಜೋಸೆಫ್ ಪೆಟ್ಜ್‌ವಾಲ್ 1840ರಲ್ಲಿ ರೂಪಿಸಿದ ವಿನ್ಯಾಸದ ಲೆನ್ಸುಗಳಲ್ಲಿ ಮುಂದೆ ಅಂಟಿಸಿದ ಜೋಡಿ ಗಾಜು, ಹಿಂದೆ ನಡುವೆ ಉಂಗುರವಿಟ್ಟು ಬೇರೆಬೇರೆಯಾಗಿ ಕೂರಿಸಿದ ಎರಡು ಗಾಜು ಇರುತ್ತವೆ. ಶುಚಿಗೊಳಿಸಲು ತೆಗೆಯುವ ಮೊದಲು ಪ್ರತಿ ಗಾಜಿನ ಅಂಚಿನ ಮೇಲೆ ಪೆನ್ಸಿಲಿನಿಂದ ಬಾಣದ ಗುರುತು ಹಾಕಿ. ತಲೆಕೆಳಗಾಗಿ ಕೂರಿಸಿದ ಹಿಂಗಾಜಿನಿಂದ ಮಸುಕಾದ ಚಿತ್ರ ಬಂದಾಗ ಅದನ್ನೇ "ಹಳೆಯ ಲೆನ್ಸಿನ ಸೊಗಸು" ಎಂದು ಹೊಗಳುವವರೂ ಉಂಟು. ಡಾಲ್‌ಮೇಯರ್ ಸಂಸ್ಥೆಯ 1866ರ ಪೇಟೆಂಟ್ ಪೋರ್ಟ್ರೇಟ್ ಲೆನ್ಸಿನಲ್ಲಂತೂ ಹಿಂಗಾಜನ್ನು ಸ್ವಲ್ಪ ಸಡಿಲಿಸಿ ಚಿತ್ರವನ್ನು ಮೃದುಗೊಳಿಸಲು ಬೇಕೆಂದೇ ಅವಕಾಶ ಮಾಡಿದ್ದಾರೆ. ಸಡಿಲವಾಗಿದೆಯೆಂದು ಅಂಟು ಹಾಕಿ ಬಿಗಿ ಮಾಡಿದರೆ ಆ ಲೆನ್ಸಿನ ಹೆಚ್ಚುಗಾರಿಕೆಯೇ ಹೋಗುತ್ತದೆ.

ಹಿಂದಿನ ಸ್ಟುಡಿಯೋದವರು ತಮ್ಮ ಷಟರಿಗೆ ಹೊಂದಿಸಲು ಲೆನ್ಸನ್ನು ಆಗಲೇ ಕೊರೆಸಿದ್ದರೆ ಏನು ಮಾಡಬೇಕು? ಆ ಗುರುತನ್ನು ತುಂಬಿಸಿ ಅಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಅದು ಒಬ್ಬ ಕೆಲಸಗಾರ ತನ್ನ ಅಗತ್ಯಕ್ಕೆ ಮಾಡಿಕೊಂಡದ್ದು, ಲೆನ್ಸಿನ ಚರಿತ್ರೆಗೆ ಸೇರಿದ್ದು. ಆದರೆ ಈಗಾಗಲೇ ಒಂದು ತೂತಿದೆ ಎಂಬುದು ಎರಡನೆಯ ತೂತಿಗೆ ಪರವಾನಗಿಯೂ ಅಲ್ಲ.

ಇಂಥ ಲೆನ್ಸನ್ನು ದುರಸ್ತಿಗೆಂದು ಹೊರದೇಶಕ್ಕೆ ಕಳಿಸುವ ಯೋಚನೆಯಿದ್ದರೆ ಕಾನೂನಿನ ಮಾತೂ ಗಮನದಲ್ಲಿರಲಿ. ನೂರು ವರ್ಷಕ್ಕಿಂತ ಹಳೆಯದಾದ, ವಿಜ್ಞಾನವನ್ನೋ ಕಲೆಯನ್ನೋ ಪ್ರತಿನಿಧಿಸುವ ವಸ್ತು 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ವ್ಯಾಖ್ಯೆಯೊಳಗೆ ಬರಬಹುದು, ಬಂದರೆ ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವೃತ್ತದ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬದಲಾಯಿಸುವುದೇ ಸರಿ ಎನಿಸುವ ಸಂದರ್ಭಗಳು

ಸಾವಿರಾರು ಪ್ರತಿಗಳಿರುವ ಲೆನ್ಸ್, ಮೈ ಒಡೆದು ಗಾಜು ಮಾತ್ರ ಉಳಿದಿರುವ ಲೆನ್ಸ್, ಮೌಂಟೇ ಇಲ್ಲದ ಲೆನ್ಸ್, ಇವುಗಳ ವಿಷಯದಲ್ಲಿ ಸಂಕೋಚ ಬೇಡ. ಕೆಲಸ ಕಲಿಯಲು ಸಹ ಇವೇ ತಕ್ಕವು. ಮುಚ್ಚಿದ ಟಾಕೀಸುಗಳಿಂದ ಗುಜರಿಗೆ ಬರುವ 35 ಎಂ.ಎಂ. ಪ್ರೊಜೆಕ್ಟರ್ ಲೆನ್ಸುಗಳು ಈ ಸಾಲಿನವು. ಅವುಗಳಲ್ಲಿ ಫೋಕಸ್ ರಿಂಗ್ ಇಲ್ಲ, ಅಪರ್ಚರ್ ಇಲ್ಲ, 62.5 ಅಥವಾ 70.65 ಮಿಲಿಮೀಟರ್ ವ್ಯಾಸದ ನುಣುಪಾದ ಕೊಳವೆಯಷ್ಟೇ. ಹಾಗಿದ್ದರೂ ಲೆನ್ಸಿಗೆ ಥ್ರೆಡ್ ಎಳೆಯುವ ಅವಶ್ಯಕತೆಯಿಲ್ಲ. ಅದನ್ನು ಸುತ್ತ ಹಿಡಿಯುವ ಸೀಳುಕೊಳವೆಯೊಂದನ್ನು ಮಾಡಿಸಿ, ಸಿದ್ಧ ಹೆಲಿಕಾಯ್ಡ್ (ತಿರುಗಿಸಿದಂತೆ ಲೆನ್ಸನ್ನು ಹಿಂದೆ ಮುಂದೆ ಸರಿಸುವ ಕೊಳವೆ) ಒಂದಕ್ಕೆ ಕೂಡಿಸಿ, ಪಕ್ಕದ ಸ್ಕ್ರೂ ಬಿಗಿದರೆ ಸಾಕು. ಬಾದಾಮಿಯ ಕೆಂಪು ಬಂಡೆಗಳ ಎದುರು ಜನರ ಮುಖ ತೆಗೆಯಲು ಇವು ಬಹಳ ಚೆನ್ನಾಗಿ ಒದಗುತ್ತವೆ. ಬೆಳಕು ಜಾಸ್ತಿಯಾದರೆ ತಡೆಯಲು ಅಪರ್ಚರ್ ಇಲ್ಲದ ಕಾರಣ ಬೆಳಗಿನ ಹೊತ್ತೇ ಅನುಕೂಲ, ಇಲ್ಲವೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಜೊತೆಗಿರಬೇಕು.

ಟರ್ನರ್ ಬಳಿ ಹೋಗುವಾಗ

ಲೆನ್ಸನ್ನು ಒಯ್ಯಬೇಡಿ, ನಕ್ಷೆಯನ್ನು ಒಯ್ಯಿರಿ. ಒಳವ್ಯಾಸ, ಹೊರವ್ಯಾಸ, ದಪ್ಪ, ಥ್ರೆಡ್, ಇವಿಷ್ಟನ್ನು ಕಾಗದದ ಮೇಲೆ ಬರೆದು, ಜೊತೆಗೆ ಅದೇ ಥ್ರೆಡ್ಡಿನ ಅಗ್ಗದ ಲೆನ್ಸಿನ ಹಿಂಭಾಗವನ್ನೋ ಕ್ಯಾಪನ್ನೋ ಮಾದರಿಯಾಗಿ ಕೊಡಬೇಕು. ಥ್ರೆಡ್ ವಿಷಯದಲ್ಲಿ ಗೊಂದಲ ಬಹಳ. ಎಂ42 ಎಂದರೆ 42 ಮಿಲಿಮೀಟರ್ ವ್ಯಾಸಕ್ಕೆ 1 ಮಿಲಿಮೀಟರ್ ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ದೂರ); ಅದೇ ವ್ಯಾಸದ ಟಿ ಮೌಂಟಿಗೆ 0.75 ಪಿಚ್. ಒಂದನ್ನು ಇನ್ನೊಂದಕ್ಕೆ ತಿರುಗಿಸಿದರೆ ಮೊದಲೆರಡು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಕಚ್ಚಿಕೊಂಡು ಎರಡನ್ನೂ ಹಾಳುಮಾಡುತ್ತದೆ. ಲೈಕಾದ 39 ಮಿಲಿಮೀಟರ್ ಥ್ರೆಡ್ ಇಂಚಿಗೆ 26 ಸುತ್ತಿನದು, ಝೆನಿತ್‌ನ 39 ಮಿಲಿಮೀಟರ್ ಥ್ರೆಡ್ 1 ಮಿಲಿಮೀಟರ್ ಪಿಚ್ಚಿನದು. ಬ್ರಿಟಿಷ್ ಹಿತ್ತಾಳೆ ಲೆನ್ಸುಗಳಲ್ಲಿ ಅನೇಕವು ಇಂಚಿನ ಲೆಕ್ಕದವು, ಆದ್ದರಿಂದ ಥ್ರೆಡ್ ಗೇಜ್ ಇಟ್ಟು ನೋಡದೆ ಮಾತು ಮುಗಿಸಬೇಡಿ. ಥ್ರೆಡ್ ಕೂಡದಿದ್ದರೆ ಲೆನ್ಸಿನ ಥ್ರೆಡ್ಡನ್ನು "ಸ್ವಲ್ಪ ಸಾಪ್ ಮಾಡಿ" ಕೊಡುವ ಸಲಹೆ ಖಂಡಿತ ಬರುತ್ತದೆ. ಸೌಜನ್ಯದಿಂದ ಬೇಡವೆಂದು, ಉಂಗುರವನ್ನೇ ಇನ್ನೊಮ್ಮೆ ಮಾಡಿಸಿ. ಅಲ್ಯೂಮಿನಿಯಂ ತುಂಡಿಗೂ ಅರ್ಧ ದಿನದ ಮಜೂರಿಗೂ ಹೆದರಿ ಲೆನ್ಸನ್ನು ಒಪ್ಪಿಸುವುದು ಜಾಣತನವಲ್ಲ.

ಕೊನೆಗೆ ಕೂಡಿಸಿ ನೋಡಲು ಲೆನ್ಸ್ ಬೇಕೇ ಆದರೆ ಎರಡೂ ತುದಿಗೆ ಕ್ಯಾಪ್ ಹಾಕಿ, ಯಂತ್ರದಿಂದ ದೂರದ ಮೇಜಿನ ಮೇಲೆ ನೋಡಿ. ಲೇತಿನಿಂದ ಹಾರುವ ಲೋಹದ ಚೂರು ಹೆಲಿಕಾಯ್ಡಿನೊಳಗೆ ಒಂದೇ ಒಂದು ಹೊಕ್ಕರೂ ರಿಂಗ್ ತಿರುಗಿದಷ್ಟು ಸಲ ಗೆರೆ ಎಳೆಯುತ್ತದೆ. ಲೇತಿನ ಹಿಡಿಕೆಯಾದ ಚಕ್ಕಿಗೆ ಲೆನ್ಸ್ ಹಿಡಿಸುವುದಂತೂ ದೂರವೇ ಇರಲಿ. ಹೊಸ ಉಂಗುರದ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಸಿ. ಹೊಳೆಯುವ ಅಲ್ಯೂಮಿನಿಯಂ ಬೆಳಕನ್ನು ಚೆದುರಿಸಿ ಚಿತ್ರವನ್ನು ಪೇಲವ ಮಾಡುತ್ತದೆ.

ಇಡುವುದು ಮತ್ತು ಕೊಡುವುದು

ಉಳಿಸುವುದೆಂದು ನಿರ್ಧರಿಸಿದ ಲೆನ್ಸನ್ನು ಮೂಲ ಚರ್ಮದ ಪೆಟ್ಟಿಗೆಯಲ್ಲಿಡುವುದು ಸಹಜವೆನಿಸಿದರೂ ಬೆಳಗಾವಿಯ ಮಳೆಗಾಲದಲ್ಲಿ ಚರ್ಮವೇ ಫಂಗಸ್‌ಗೆ ತವರು. ಪೆಟ್ಟಿಗೆಯನ್ನು ಬೇರೆ ಇಡಿ, ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರಿನೊಂದಿಗೆ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು. ಬಟ್ಟೆಗಳ ನಡುವೆ ಟ್ರೆಜರಿಯಲ್ಲಿಟ್ಟು ಡಾಂಬರ ಗುಳಿಗೆ ಹಾಕುವ ಪದ್ಧತಿ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.

ಏನನ್ನು ಬದಲಾಯಿಸಿದರೂ ಮೊದಲಿನ ಸ್ಥಿತಿಯ ಚಿತ್ರಗಳು, ಮಾಡಿದ ಕೆಲಸದ ತಾರೀಖು, ತೆಗೆದ ಬಿಡಿಭಾಗಗಳ ಚೀಲ, ಮಾಡಿಸಿದ ಉಂಗುರದ ನಕ್ಷೆ, ಇವೆಲ್ಲ ಲೆನ್ಸಿನ ಡಬ್ಬಿಯಲ್ಲೇ ಇರಬೇಕು. ಮಾರುವಾಗ ಅಥವಾ ಮಕ್ಕಳಿಗೆ ಒಪ್ಪಿಸುವಾಗ ಡಬ್ಬಿಯನ್ನು ಅದರಂತೆಯೇ ಕೊಡಿ. ಸ್ಟುಡಿಯೋದಿಂದ ಬಂದ ಲೆನ್ಸಾಗಿದ್ದರೆ ಅದರೊಂದಿಗೆ ಸಿಕ್ಕ ಗಾಜಿನ ನೆಗೆಟಿವ್‌ಗಳನ್ನೂ ಗಿರಾಕಿಗಳ ಲೆಕ್ಕದ ವಹಿಯನ್ನೂ ಬೇರೆ ಮಾಡಿ ಮಾರಬೇಡಿ. ಆ ಲೆನ್ಸಿನಿಂದ ಯಾವ ವರ್ಷ ಯಾರ ಚಿತ್ರ ತೆಗೆದರೆಂಬುದನ್ನು ಹೇಳಬಲ್ಲವು ಅವಿಷ್ಟೇ.